ಲೆವೆಲಿಂಗ್ ಸ್ಪ್ರಿಂಗ್ ಹಾಕಿದ ಮೇಲೆ ಟೋ ನಿಲ್ಲದ ಪಿಕಪ್: ಒಂದು ಪ್ರಕರಣ ಅಧ್ಯಯನ

ಗಾಡಿ ಒಂದು ಡಬಲ್ ಕ್ಯಾಬ್ ಪಿಕಪ್, ಫೋರ್ ವೀಲ್ ಡ್ರೈವ್. ಮುಂದೆ ಮೇಲೊಂದು ಕೆಳಗೊಂದು ಆರ್ಮ್ ಇರುವ ಸ್ವತಂತ್ರ ಸಸ್ಪೆನ್ಷನ್, ಶಾಕ್ ಅಬ್ಸಾರ್ಬರ್ ಸುತ್ತ ಕೂತ ಕಾಯಿಲ್ ಸ್ಪ್ರಿಂಗ್. ಹಿಂದೆ ಗಟ್ಟಿ ಆಕ್ಸಲ್, ಕಮಾನು ಪಟ್ಟಿ. ವೀಲ್‌ಬೇಸ್ ಸುಮಾರು 3,200 ಮಿ.ಮೀ. ಟೈರ್ 265/65 ಆರ್17. ಮಾಲೀಕರು ಮುಂದಿನ ಎರಡೂ ಸ್ಪ್ರಿಂಗ್ ತೆಗೆಸಿ, ಮುಂಭಾಗವನ್ನು ಎತ್ತುವ ಲೆವೆಲಿಂಗ್ ಸ್ಪ್ರಿಂಗ್ ಹಾಕಿಸಿದ್ದರು. ಆಮೇಲೆ ಸುಮಾರು ಎರಡು ಸಾವಿರ ಕಿಲೋಮೀಟರ್ ಓಡಿಸುವಷ್ಟರಲ್ಲಿ ಎರಡು ಬೇರೆ ಬೇರೆ ಕಡೆ ಅಲೈನ್‌ಮೆಂಟ್ ಮಾಡಿಸಿಯೂ ಆಗಿತ್ತು. ನಮ್ಮಲ್ಲಿಗೆ ಬಂದದ್ದು ಮೂರನೆಯವರಾಗಿ.

ಪಿಕಪ್‌ಗಳು ಕಾರ್ಖಾನೆಯಿಂದ ಬರುವಾಗಲೇ ಹಿಂದೆ ಎತ್ತರ, ಮುಂದೆ ತಗ್ಗು. ಹಿಂದೆ ಲೋಡ್ ಬಿದ್ದಾಗ ಗಾಡಿ ಸಮ ಆಗಲಿ ಅಂತ ಹಾಗೆ ಮಾಡಿರುತ್ತಾರೆ. ಖಾಲಿ ಓಡಿಸುವವರಿಗೆ ಆ ಮುಂದೆ ಬಾಗಿದ ನಿಲುವು ಇಷ್ಟವಾಗುವುದಿಲ್ಲ. ದೊಡ್ಡ ಟೈರ್ ಹಾಕೋಣ ಅಂದರೆ ಜಾಗ ಬೇಕು, ಕಚ್ಚಾ ರಸ್ತೆಯಲ್ಲಿ ಮೂತಿ ತಗುಲಬಾರದು. ಹಾಗಾಗಿ ಮುಂಭಾಗವನ್ನು ಹಿಂಭಾಗದ ಮಟ್ಟಕ್ಕೆ ಎತ್ತಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನೆಟ್ಟಗೆ ಕೂರಿಸಿದ ಲೆವೆಲಿಂಗ್ ಸ್ಪ್ರಿಂಗ್ ಒಳ್ಳೆಯ ವಸ್ತುವೇ. ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಜೋಡಣೆ) ಮೇಲೆ ಎತ್ತರಕ್ಕಾಗಿ ಒಂದು ಸ್ಪೇಸರ್ ತುರುಕುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನಾನು ನಂಬಿದ್ದೇನೆ.

ದೂರು ಹೀಗಿತ್ತು. ವೇಗ ಏರಿದಾಗ ಗಾಡಿ ತೇಲುತ್ತದೆ, ಸಣ್ಣ ಸಣ್ಣದಾಗಿ ಸ್ಟೀರಿಂಗ್ ತಿದ್ದುತ್ತಲೇ ಇರಬೇಕು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಕೈಯಲ್ಲಿ ತರಬೇಕು. ಕೈ ಬಿಟ್ಟರೆ ಎಡಕ್ಕೆ ಎಳೆಯುತ್ತದೆ. ನೇರ ಹೋಗುವಾಗ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ತಿರುಗಿರುತ್ತದೆ. ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಸವೆಯುತ್ತಿದೆ. ಇಷ್ಟು ಹೇಳಿ ಅವರು ಸೇರಿಸಿದ ಎರಡು ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು.

"ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ವಲ್ಪ ದಿನ ಚೆನ್ನಾಗಿರುತ್ತೆ ಸರ್, ಆಮೇಲೆ ಮತ್ತೆ ಶುರು" ಎಂಬುದು ಒಂದು. "ಹಿಂದೆ ಸಾಮಾನು ಇದ್ದಾಗ ಪರವಾಗಿಲ್ಲ, ಖಾಲಿ ಇದ್ದಾಗ್ಲೇ ಜಾಸ್ತಿ ತೇಲುತ್ತೆ" ಎಂಬುದು ಇನ್ನೊಂದು.

ಮೊದಲನೆಯ ಮಾತಿನ ಅರ್ಥ, ಏನೋ ಒಂದು ಜಾಗ ಬಿಟ್ಟು ಸರಿಯುತ್ತಿದೆ. ತಪ್ಪಾಗಿ ಕೂರಿಸಿದ ಅಲೈನ್‌ಮೆಂಟ್ ಮೊದಲ ದಿನದಿಂದಲೇ ತಪ್ಪಾಗಿರುತ್ತದೆ. ಸರಿಯಾಗಿದ್ದು ಆಮೇಲೆ ಕೆಡುತ್ತಿದೆ ಅಂದರೆ ಒಂದೋ ಯಾವುದೋ ಬೋಲ್ಟ್ ಜಾರುತ್ತಿದೆ, ಇಲ್ಲವೇ ಯಾವುದೋ ಕೀಲಿನಲ್ಲಿ ಆಟ ಇದೆ, ಅಥವಾ ಗಾಡಿಯ ಎತ್ತರವೇ ಬದಲಾಗುತ್ತಿದೆ.

ಎರಡನೆಯ ಮಾತು ಕ್ಯಾಸ್ಟರ್ ಕಡೆ ಕೈ ತೋರಿಸುತ್ತದೆ. ಚಕ್ರ ತಿರುಗುವ ಅಕ್ಷದ ತಲೆ ಎಷ್ಟು ಹಿಂದಕ್ಕೆ ವಾಲಿದೆ ಎಂಬುದೇ ಕ್ಯಾಸ್ಟರ್. ಈ ವಾಲಿಕೆ ಇದ್ದರೆ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಹಿಂದೆ ಲೋಡ್ ಹಾಕಿದರೆ ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಇಡೀ ಚಾಸಿ ಹಿಂದಕ್ಕೆ ವಾಲುತ್ತದೆ, ಅದರ ಜೊತೆ ಆ ಅಕ್ಷವೂ ವಾಲುತ್ತದೆ. 3,200 ಮಿ.ಮೀ. ವೀಲ್‌ಬೇಸ್‌ನಲ್ಲಿ ಹಿಂಭಾಗ 25 ಮಿ.ಮೀ. ಕುಸಿದರೆ ಕ್ಯಾಸ್ಟರ್ ಹೆಚ್ಚುಕಡಿಮೆ ಅರ್ಧ ಡಿಗ್ರಿ ಏರುತ್ತದೆ. ಅರ್ಧ ಡಿಗ್ರಿ ಸಿಕ್ಕರೆ ಇವರ ಗಾಡಿ ಸುಧಾರಿಸುತ್ತದೆ ಅಂದರೆ, ಖಾಲಿ ಇದ್ದಾಗ ಆ ಅರ್ಧ ಡಿಗ್ರಿಗೂ ಬರ ಇದೆ ಎಂದಾಯಿತು.

ಹಳೆಯ ಎರಡು ಚೀಟಿ

ಎರಡೂ ಕಡೆಯ ಪ್ರಿಂಟ್ ಚೀಟಿಗಳನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಇದೊಂದು ಅಭ್ಯಾಸ ಎಲ್ಲರಿಗೂ ಇರಬೇಕು.

ಅಲೈನ್‌ಮೆಂಟ್ ಚೀಟಿಯಲ್ಲಿ ಮೊದಲು ಮತ್ತು ನಂತರ ಅಂತ ಎರಡು ಸಾಲು ಅಂಕಿ ಇರುತ್ತವೆ. ಹೆಚ್ಚಿನವರು ನೋಡುವುದು ನಂತರದ ಅಂಕಿಗಳನ್ನು, ಅದರಲ್ಲೂ ಮಿತಿಯೊಳಗಿದೆ ಎನ್ನುವ ಹಸಿರು ಬಣ್ಣವನ್ನು. ನಾನು ಮೊದಲು ಹುಡುಕುವುದು ಎರಡೂ ಕಡೆ ಒಂದೇ ಇರುವ ಅಂಕಿಗಳನ್ನು. ಬದಲಾಗದ ಅಂಕಿ ಅಂದರೆ ಅಲ್ಲಿ ಯಾರೂ ಸ್ಪ್ಯಾನರ್ ಹಾಕಿಲ್ಲ.

ಮೊದಲ ಚೀಟಿ ಸ್ಪ್ರಿಂಗ್ ಹಾಕಿದ ದಿನದ್ದೇ. ಕ್ಯಾಂಬರ್, ಅಂದರೆ ಚಕ್ರದ ತಲೆ ಹೊರಕ್ಕೆ (+) ಅಥವಾ ಒಳಕ್ಕೆ (-) ವಾಲಿದ ಕೋನ, ಎಡಕ್ಕೆ +0.6, ಬಲಕ್ಕೆ +0.5 ಡಿಗ್ರಿ. ಕ್ಯಾಸ್ಟರ್ ಎಡಕ್ಕೆ 1.6, ಬಲಕ್ಕೆ 1.7. ಈ ಗಾಡಿಗೆ ಕ್ಯಾಸ್ಟರ್ ಇರಬೇಕಾದದ್ದು 3.0, ಆಚೀಚೆ 0.75 ಹೋಗಬಹುದು. ಅಂದರೆ 2.25ಕ್ಕಿಂತ ಕೆಳಗೆ ಇಳಿಯಬಾರದು. ಎರಡೂ ಕಡೆ ಕ್ಯಾಸ್ಟರ್ ಕೆಂಪು ಬಣ್ಣದಲ್ಲೇ ಇತ್ತು. ಮೊದಲೂ ಕೆಂಪು, ನಂತರವೂ ಕೆಂಪು, ಅಂಕಿ ಕೂಡ ಅದೇ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿದ ಕೋನ, ಅದು ಮಾತ್ರ ಹಸಿರಾಗಿತ್ತು. ಎರಡನೆಯ ಚೀಟಿಯಲ್ಲೂ ಹಾಗೇ. ಕ್ಯಾಂಬರ್, ಕ್ಯಾಸ್ಟರ್ ಮುಟ್ಟದೆ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿ) ತಿರುಗಿಸಿ ಟೋ ಕೂರಿಸಿ ಕಳಿಸಿದ್ದರು.

ಇನ್ನೊಂದು ಸಂಗತಿ ಎರಡು ಚೀಟಿಗಳನ್ನು ಪಕ್ಕ ಪಕ್ಕ ಇಟ್ಟಾಗ ಕಂಡಿತು. ಎರಡರ ನಡುವೆ ಬಲಗಡೆಯ ಕ್ಯಾಂಬರ್ ಮತ್ತು ಕ್ಯಾಸ್ಟರ್ ಎರಡೂ ಬದಲಾಗಿದ್ದವು. ಎಡಗಡೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಯಾರೂ ಮುಟ್ಟದ ಬಲಗಡೆಯ ಕೋನ ತಾನೇ ಬದಲಾಗಿದೆ!

ಎತ್ತರ

ಇಂಥ ಗಾಡಿ ಬಂದಾಗ ನೇರವಾಗಿ ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸಬಾರದು. ಟೈರ್ ಗಾಳಿ ಸರಿ ಮಾಡಿ, ಚಕ್ರ ಎತ್ತಿ ಅಲ್ಲಾಡಿಸಿ ಬೇರಿಂಗ್, ಬಾಲ್ ಜಾಯಿಂಟ್ (ಆರ್ಮ್‌ನ ತುದಿಯಲ್ಲಿ ಚಕ್ರದ ಕಡೆ ಇರುವ ಕೀಲು), ಟೈ ರಾಡ್ ತುದಿ ನೋಡಿದೆವು. ಎಲ್ಲೂ ಆಟ ಇರಲಿಲ್ಲ. ಎಡಕ್ಕೆ ಎಳೆಯುವುದು ಟೈರ್‌ನದೇ ದೋಷವಾ ಎಂದು ತಿಳಿಯಲು ಮುಂದಿನ ಎರಡು ಟೈರ್ ಅದಲು ಬದಲು ಮಾಡಿ ಓಡಿಸಿದೆವು. ಆಗಲೂ ಎಡಕ್ಕೇ ಎಳೆಯಿತು. ಟೈರ್ ಕಾರಣ ಆಗಿದ್ದರೆ ಎಳೆತ ಬಲಕ್ಕೆ ತಿರುಗಬೇಕಿತ್ತು.

ಆಮೇಲೆ ಟೇಪ್ ಹಿಡಿದೆವು. ಹಬ್‌ನ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನೇರ ಅಳತೆ. ನೆಲದಿಂದ ಅಳೆದರೆ ಟೈರ್‌ನ ಗಾಳಿ, ಸವೆತ ಎಲ್ಲ ಲೆಕ್ಕದಲ್ಲಿ ಸೇರಿಬಿಡುತ್ತದೆ, ಹಾಗಾಗಿ ಹಬ್‌ನಿಂದಲೇ ಅಳೆಯಬೇಕು. ಮುಂದೆ ಎಡಕ್ಕೆ 552 ಮಿ.ಮೀ., ಬಲಕ್ಕೆ 543. ಹಿಂದೆ ಎರಡೂ ಕಡೆ 550ರ ಆಸುಪಾಸು. ಮುಂದೆಯೇ 9 ಮಿ.ಮೀ. ವ್ಯತ್ಯಾಸ.

ಮಾಲೀಕರು ಸ್ಪ್ರಿಂಗ್ ಹಾಕಿಸುವ ಮೊದಲು ಮತ್ತು ಹಾಕಿಸಿದ ದಿನ ತಾವೇ ಅಳೆದು ಫೋನಿನಲ್ಲಿ ಬರೆದುಕೊಂಡಿದ್ದರು. ಮೊದಲು ಎಡ 502, ಬಲ 500. ಹಾಕಿಸಿದ ದಿನ ಎಡ 562, ಬಲ 556. ಸ್ಪ್ರಿಂಗ್ ಪೆಟ್ಟಿಗೆಯ ಮೇಲೆ 50 ಮಿ.ಮೀ. ವರೆಗೆ ಏರುತ್ತದೆ ಅಂತಿತ್ತು. ಎಡಗಡೆ ಸಿಕ್ಕಿದ್ದು 60. ಅವರಿಗೆ ಖುಷಿಯಾಗಿತ್ತು. ನನಗೆ ಅನುಮಾನ ಬಂದದ್ದು ಇಲ್ಲೇ. ಸ್ಪ್ರಿಂಗ್ ಕೊಡುವ ಎತ್ತರ 50 ಆದರೆ ಮಿಕ್ಕ 10 ಮಿ.ಮೀ. ಕೊಟ್ಟವರು ಯಾರು?

ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ಸ್ವಲ್ಪ ಕೂರುತ್ತದೆ, ಅದು ಸಹಜ. ಆದರೆ ಕೂರುವುದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಇಲ್ಲಿ ಎಡ 10 ಇಳಿದಿದೆ, ಬಲ 13 ಇಳಿದಿದೆ, ಅದೂ ಬಲದ ಕೋನಗಳನ್ನು ಕದಲಿಸಿಕೊಂಡು ಇಳಿದಿದೆ.

ಬುಷ್ ಒಳಗೆ ಸಿಕ್ಕಿಕೊಂಡ ತಿರುಚು

ಕೆಳಗಿನ ಆರ್ಮ್ ಚಾಸಿಗೆ ಸೇರುವ ಎರಡು ಕಡೆ, ಅಂದರೆ ಮುಂದೊಂದು ಹಿಂದೊಂದು, ರಬ್ಬರ್ ಬುಷ್ ಇದೆ. ಇದು ಬೇರಿಂಗ್ ಥರ ಸುತ್ತುವ ವಸ್ತು ಅಲ್ಲ. ಹೊರಗೊಂದು ಲೋಹದ ಕೊಳವೆ, ಒಳಗೊಂದು ಲೋಹದ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಹೊರ ಕೊಳವೆ ಆರ್ಮ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ. ಒಳ ಕೊಳವೆಯನ್ನು ಬೋಲ್ಟ್ ಬ್ರಾಕೆಟ್‌ನ ಎರಡು ಕಿವಿಗಳ ನಡುವೆ ಅದುಮಿ ಹಿಡಿದಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ಜಾರುವುದು ಏನೂ ಇಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಬೋಲ್ಟ್ ಬಿಗಿಯುವ ಕ್ಷಣದಲ್ಲಿ ಆರ್ಮ್ ಯಾವ ಎತ್ತರದಲ್ಲಿದೆಯೋ ಆ ಎತ್ತರವೇ ರಬ್ಬರ್‌ಗೆ ವಿಶ್ರಾಂತಿಯ ಜಾಗ.

ಸ್ಪ್ರಿಂಗ್ ಬದಲಿಸುವಾಗ ಗಾಡಿಯನ್ನು ಮೇಲೆತ್ತಿರುತ್ತಾರೆ, ಚಕ್ರ ಕೆಳಗೆ ಜೋತಿರುತ್ತದೆ. ಸ್ಟ್ರಟ್ ಹೊರಗೆ ತೆಗೆದು ವಾಪಸ್ ಸೇರಿಸಲು ಕೆಳಗಿನ ಆರ್ಮ್‌ನ ಬೋಲ್ಟ್ ಸಡಿಲಿಸಿ ಆರ್ಮ್ ಇನ್ನಷ್ಟು ಕೆಳಗೆ ತಳ್ಳುತ್ತಾರೆ. ಇಲ್ಲೂ ಹಾಗೇ ಮಾಡಿದ್ದರು. ತೊಂದರೆ ಆಮೇಲಿನದು. ಎಲ್ಲ ಸೇರಿಸಿ, ಚಕ್ರ ಜೋತಿರುವಾಗಲೇ ಬೋಲ್ಟ್ ಬಿಗಿದು ಗಾಡಿ ಇಳಿಸಿದ್ದಾರೆ. ಗಾಡಿ ನೆಲಕ್ಕೆ ಬಂದ ಕೂಡಲೇ ಆರ್ಮ್ ಆರೇಳು ಡಿಗ್ರಿ ಮೇಲಕ್ಕೆ ಹೋಗುತ್ತದೆ. ರಬ್ಬರ್ ಅಷ್ಟೂ ತಿರುಚಿಕೊಂಡು, ವಾಪಸ್ ಹೋಗಬೇಕು ಎಂದು ಆರ್ಮನ್ನು ಕೆಳಕ್ಕೆ ದೂಡುತ್ತಲೇ ಇರುತ್ತದೆ. ಆರ್ಮ್ ಕೆಳಕ್ಕೆ ಅಂದರೆ ಗಾಡಿ ಮೇಲಕ್ಕೆ. ಆ ಹೆಚ್ಚುವರಿ ಎತ್ತರ ಕೊಟ್ಟದ್ದು ಈ ರಬ್ಬರ್.

ಹೀಗೆ ಸಿಕ್ಕ ಎತ್ತರ ನಿಲ್ಲುವುದಿಲ್ಲ. ರಬ್ಬರ್ ನಿಧಾನಕ್ಕೆ ಸೋಲುತ್ತದೆ, ಇಲ್ಲವೇ ಹರಿಯುತ್ತದೆ, ಇಲ್ಲವೇ ಬೋಲ್ಟ್ ಸಾಕಷ್ಟು ಬಿಗಿ ಇಲ್ಲದಿದ್ದರೆ ಒಳ ಕೊಳವೆಯೇ ಬ್ರಾಕೆಟ್ ನಡುವೆ ಜಾರುತ್ತದೆ. ಮೂರರಲ್ಲಿ ಯಾವುದಾದರೂ ಎತ್ತರ ಇಳಿಯುತ್ತದೆ. ಎತ್ತರ ಇಳಿದರೆ ಆ ಎತ್ತರದಲ್ಲಿ ಕೂರಿಸಿದ ಅಲೈನ್‌ಮೆಂಟ್ ಹಾಳು.

ಇದನ್ನು ಊಹೆಯಾಗಿ ಬಿಡುವುದು ನನಗೆ ಇಷ್ಟವಿರಲಿಲ್ಲ. ಪರೀಕ್ಷೆ ಸುಲಭ. ಗಾಡಿಯನ್ನು ಅದರ ಚಕ್ರಗಳ ಮೇಲೇ ನಿಲ್ಲಿಸಿ, ಕೆಳಗಿನ ಆರ್ಮ್‌ನ ಬೋಲ್ಟ್‌ಗಳು ಈಗ ಎಲ್ಲಿವೆ ಎಂದು ಬಣ್ಣದಲ್ಲಿ ಗೆರೆ ಎಳೆದು, ಒಂದೊಂದಾಗಿ ನಟ್ ಸಡಿಲಿಸಿದೆವು. ಎಡಗಡೆಯ ಎರಡನೇ ನಟ್ ಸಡಿಲಾಗುತ್ತಿದ್ದ ಹಾಗೆ ಒಂದು ಟಕ್ ಶಬ್ದ ಬಂತು, ಗಾಡಿಯ ಮೂಲೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಟೇಪ್ ಇಟ್ಟರೆ 552 ಇದ್ದದ್ದು 544. ಬಲಗಡೆ ಸಡಿಲಿಸಿದಾಗ ಇಳಿದದ್ದು ಬರೀ 3, ಅಂದರೆ 543ರಿಂದ 540. ಬಲದ ಬುಷ್ ಆಗಲೇ ತನ್ನ ತಿರುಚನ್ನು ಬಹಳಷ್ಟು ಕಳಚಿಕೊಂಡಿತ್ತು. ಹೇಗೆ ಎಂಬುದು ಬೋಲ್ಟ್ ನೋಡಿದಾಗ ಗೊತ್ತಾಯಿತು.

ಈ ಗಾಡಿಯಲ್ಲಿ ಆ ಬೋಲ್ಟ್‌ಗಳೇ ಕ್ಯಾಮ್ ಬೋಲ್ಟ್‌ಗಳು. ಬೋಲ್ಟ್‌ನ ತಲೆಯ ಹತ್ತಿರದ ವಾಷರ್‌ನ ತೂತು ನಡುವಿನಲ್ಲಿಲ್ಲ, ಒಂದು ಪಕ್ಕಕ್ಕಿದೆ. ವಾಷರ್‌ನ ಆಚೀಚೆ ಬ್ರಾಕೆಟ್‌ನಲ್ಲಿ ಎರಡು ಸಣ್ಣ ಗೋಡೆ. ಬೋಲ್ಟ್ ತಿರುಗಿಸಿದರೆ ವಾಷರ್ ಆ ಗೋಡೆಗೆ ಒತ್ತಿಕೊಂಡು ಆರ್ಮ್‌ನ ಬುಡವನ್ನು ಕೆಲವು ಮಿ.ಮೀ. ಒಳಕ್ಕೋ ಹೊರಕ್ಕೋ ಸರಿಸುತ್ತದೆ. ಕ್ಯಾಂಬರ್, ಕ್ಯಾಸ್ಟರ್ ಕೂರಿಸುವುದು ಇದರಲ್ಲೇ. ಬಲಗಡೆಯ ಹಿಂದಿನ ಕ್ಯಾಮ್ ವಾಷರ್‌ಗೆ ಟಾರ್ಚ್ ಬಿಟ್ಟೆ. ವಾಷರ್ ಅಂಚಿನ ಪಕ್ಕದಲ್ಲಿ ಬ್ರಾಕೆಟ್ ಮೇಲೆ ಅರ್ಧಚಂದ್ರದ ಆಕಾರದ ಒಂದು ಹೊಳೆಯುವ ಪಟ್ಟಿ. ಸುತ್ತಲೂ ಧೂಳು, ಕಂದು ತುಕ್ಕು, ಮಧ್ಯೆ ಅಷ್ಟು ಜಾಗ ಮಾತ್ರ ಹೊಸದಾಗಿ ಉಜ್ಜಿದ ಕಬ್ಬಿಣ. ಕೈಬೆರಳು ಆಡಿಸಿದರೆ ಸಣ್ಣ ಗೀರುಗಳು ಸಿಗುತ್ತಿದ್ದವು, ಎಲ್ಲವೂ ಒಂದೇ ದಿಕ್ಕಿಗೆ ಬಾಗಿದ್ದವು. ವಾಷರ್ ಅಲ್ಲಿ ಕೂತಿದ್ದು ಆಮೇಲೆ ತಿರುಗಿ ಇಲ್ಲಿಗೆ ಬಂದಿದೆ, ಅದೂ ಒಮ್ಮೆಗೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಸಡಿಲಿಸುವಾಗಲೂ ಆ ಒಂದು ನಟ್ ಮಿಕ್ಕ ಮೂರರ ಹಾಗೆ ಸತಾಯಿಸಿರಲಿಲ್ಲ, ಸುಮ್ನೆ ಬಂದಿತ್ತು.

ಈಗ ಲೆಕ್ಕ ಕೂಡಿತು. ಎಲ್ಲ ಬುಷ್‌ಗಳನ್ನೂ ಜೋತಿರುವಾಗ ಬಿಗಿದರು. ಬಲಹಿಂದಿನ ನಟ್‌ಗೆ ಸಾಕಷ್ಟು ಬಿಗಿ ಬೀಳಲಿಲ್ಲ. ಪ್ರತಿ ಗುಂಡಿಗೂ ತಿರುಚಿದ ರಬ್ಬರ್ ಒಳ ಕೊಳವೆಯನ್ನು ತಿರುಗಿಸಲು ನೋಡಿತು, ಕೊಳವೆ ಜಾರಿತು, ಜೊತೆಗೆ ಕ್ಯಾಮನ್ನೂ ಕರೆದುಕೊಂಡು ಹೋಯಿತು.

ಕ್ಯಾಮ್ ಹೊರಕ್ಕೇ ಏಕೆ ಸರಿಯಿತು ಎಂಬುದಕ್ಕೂ ಕಾರಣ ಇದೆ. ಗಾಡಿಯ ಭಾರಕ್ಕೆ ನೆಲ ಟೈರನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತಡ ಬಾಲ್ ಜಾಯಿಂಟ್‌ಗಳಿಗಿಂತ ಹೊರಗೆ ಬೀಳುವುದರಿಂದ ಚಕ್ರದ ತಲೆ ಒಳಕ್ಕೆ, ಬುಡ ಹೊರಕ್ಕೆ ಹೋಗಲು ನೋಡುತ್ತದೆ. ಹಾಗಾಗಿ ಕೆಳಗಿನ ಆರ್ಮ್ ಸದಾ ಹೊರಕ್ಕೆ ಎಳೆಸಿಕೊಳ್ಳುತ್ತಿರುತ್ತದೆ. ಹಿಡಿತ ತಪ್ಪಿದ ಕ್ಯಾಮ್ ಹೋಗುವುದು ಆ ಕಡೆಗೇ.

ಹಿಂದಿನ ಬುಡ ಮಾತ್ರ ಹೊರಕ್ಕೆ ಸರಿದಾಗ ಆರ್ಮ್ ತನ್ನ ಮುಂದಿನ ಬುಡದ ಸುತ್ತ ಸ್ವಲ್ಪ ತಿರುಗುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಮುಂದಕ್ಕೂ ಹೋಗುತ್ತದೆ, ಹೊರಕ್ಕೂ ಹೋಗುತ್ತದೆ. ಮುಂದಕ್ಕೆ ಹೋದರೆ ಆ ಚಕ್ರದ ಕ್ಯಾಸ್ಟರ್ ಏರುತ್ತದೆ. ಹೊರಕ್ಕೆ ಹೋದರೆ ಕ್ಯಾಂಬರ್ ಇಳಿಯುತ್ತದೆ. ಇಲ್ಲಿ ಟೈ ರಾಡ್ ಆಕ್ಸಲ್‌ಗಿಂತ ಮುಂದಿದೆ, ಅದರ ಉದ್ದ ಬದಲಾಗುವುದಿಲ್ಲ. ಚಕ್ರದ ಬುಡ ಹೊರಗೆ ಹೋಗಿ ಮುಂದಿನ ತುದಿ ಅಲ್ಲೇ ಉಳಿದರೆ ಚಕ್ರದ ಮೂತಿ ಒಳಕ್ಕೆ ತಿರುಗುತ್ತದೆ. ಅದೇ ಟೋ-ಇನ್. ಕ್ಯಾಮ್ ಮೂರು ಮಿ.ಮೀ. ಸರಿದರೂ ಆ ಒಂದು ಚಕ್ರದ ಟೋ ಅರ್ಧ ಡಿಗ್ರಿಗೂ ಮೀರಿ ಬದಲಾಗಬಹುದು, ಏಕೆಂದರೆ ಟೈ ರಾಡ್ ಚಕ್ರವನ್ನು ಹಿಡಿಯುವ ಸ್ಟೀರಿಂಗ್ ಆರ್ಮ್ ತುಂಬಾ ಗಿಡ್ಡ.

ಬೋಲ್ಟ್ ಸಡಿಲಿಸುವ ಮೊದಲೇ ಯಂತ್ರದಲ್ಲಿ ತೆಗೆದಿಟ್ಟುಕೊಂಡಿದ್ದ ಅಂಕಿಗಳು ಇದನ್ನೇ ಹೇಳುತ್ತಿದ್ದವು. ಎಡ ಕ್ಯಾಂಬರ್ +0.5, ಕ್ಯಾಸ್ಟರ್ 1.8. ಬಲ ಕ್ಯಾಂಬರ್ -0.1, ಕ್ಯಾಸ್ಟರ್ 2.8. ಎರಡೂ ಚಕ್ರ ಸೇರಿ ಟೋ-ಇನ್ 0.6 ಡಿಗ್ರಿ. ಗಾಡಿ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ, ಕ್ಯಾಂಬರ್ ಜಾಸ್ತಿ ಇರುವ ಕಡೆಗೂ ಎಳೆಯುತ್ತದೆ. ಇಲ್ಲಿ ಎರಡಕ್ಕೂ ಉತ್ತರ ಎಡ. ಬಲ ಚಕ್ರದ ಮೂತಿ ಎಡಕ್ಕೆ ತಿರುಗಿದ್ದರಿಂದ ನೇರ ಹೋಗಲು ಸ್ಟೀರಿಂಗ್ ಬಲಕ್ಕೆ ಹಿಡಿಯಬೇಕು. ದೂರಿನ ಪ್ರತಿ ಮಾತಿಗೂ ಇಲ್ಲಿ ಕಾರಣ ಸಿಕ್ಕಿತು.

ಟೈರ್ ಸವೆತವೂ ಅದನ್ನೇ ಹೇಳಿತು. ಟ್ರೆಡ್ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಗೆ ಸವರಿದರೆ ನುಣ್ಣಗೆ ಹೋಗುತ್ತಿತ್ತು. ಒಳಗಿನಿಂದ ಹೊರಗೆ ಸವರಿದರೆ ಪ್ರತಿ ಪಟ್ಟಿಯ ಅಂಚೂ ಗರಗಸದ ಹಲ್ಲಿನಂತೆ ಕೈಗೆ ಹಿಡಿಯುತ್ತಿತ್ತು. ಇದು ಟೋ-ಇನ್ ಜಾಸ್ತಿ ಆದಾಗಿನ ಗುರುತು. 0.6 ಡಿಗ್ರಿ ಕೇಳಲು ಸಣ್ಣದು. ಆದರೆ ಎರಡು ಚಕ್ರಕ್ಕೆ ಹಂಚಿದರೆ ತಲಾ 0.3, ಅಂದರೆ ಗಾಡಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಪ್ರತಿ ಟೈರ್ ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿಸಿಕೊಳ್ಳುತ್ತದೆ. ಸಾವಿರ ಕಿಲೋಮೀಟರ್‌ಗೆ 5 ಕಿಲೋಮೀಟರ್ ಅಡ್ಡ ಎಳೆತ. ಟೈರ್ ಉಳಿಯುವುದು ಹೇಗೆ?

ಎತ್ತಿಸಿದರೆ ಕ್ಯಾಸ್ಟರ್ ಏಕೆ ಇಳಿಯುತ್ತದೆ

ಬಲಗಡೆಯ ಕಥೆ ಜಾರಿದ ಕ್ಯಾಮ್‌ನದು. ಆದರೆ ಮೊದಲ ದಿನವೇ ಎರಡೂ ಕಡೆ ಕ್ಯಾಸ್ಟರ್ ಇಷ್ಟು ಕಡಿಮೆ ಇದ್ದದ್ದಕ್ಕೆ ಎತ್ತರವೇ ಕಾರಣ. ಮೂತಿ ಮೇಲೆದ್ದರೆ ಕ್ಯಾಸ್ಟರ್ ಏರಬೇಕು ಅಂತ ಈಗಷ್ಟೇ ಹೇಳಿದೆ, ಅಲ್ವಾ? ಅದು ನಿಜ. ಆದರೆ ಹಿಂಭಾಗ ಕುಸಿದು ಮೂತಿ ಏಳುವುದು ಬೇರೆ, ಮುಂದಿನ ಸ್ಪ್ರಿಂಗ್ ಉದ್ದವಾಗಿ ಮೂತಿ ಏಳುವುದು ಬೇರೆ. ಎರಡನೆಯದರಲ್ಲಿ ಆರ್ಮ್‌ಗಳೂ ಚಾಸಿಯಿಂದ ಕೆಳಗೆ ಇಳಿದಿರುತ್ತವೆ. ಬ್ರೇಕ್ ಹಾಕಿದಾಗ ಮೂತಿ ಜಾಸ್ತಿ ಮುಗ್ಗರಿಸದಿರಲಿ ಅಂತ ಮೇಲಿನ ಆರ್ಮ್‌ನ ಕೀಲುಗಳನ್ನು ನೆಲಕ್ಕೆ ಸಮವಾಗಿ ಇಟ್ಟಿರುವುದಿಲ್ಲ. ಮುಂದಿನ ಕೀಲು ಮೇಲೆ, ಹಿಂದಿನದು ತುಸು ಕೆಳಗೆ. ಇಂಥ ಆರ್ಮ್ ಕೆಳಗೆ ಇಳಿದಷ್ಟೂ ಅದರ ತುದಿಯ ಬಾಲ್ ಜಾಯಿಂಟ್ ಮುಂದಕ್ಕೆ ಬರುತ್ತದೆ. ಮೇಲಿನ ಬಾಲ್ ಜಾಯಿಂಟ್ ಮುಂದಕ್ಕೆ ಬಂದರೆ ಅಕ್ಷದ ವಾಲಿಕೆ ಕರಗುತ್ತದೆ. ಚಾಸಿ ವಾಲಿ ಕೊಟ್ಟ ಲಾಭಕ್ಕಿಂತ ಆರ್ಮ್ ಮಾಡಿದ ನಷ್ಟ ದೊಡ್ಡದು.

ಇದಕ್ಕೆ ಇನ್ನೊಂದೂ ಸೇರಿತ್ತು. ಸ್ಪ್ರಿಂಗ್ ಹಾಕುವಾಗ ಕ್ಯಾಮ್‌ಗಳ ಹಳೆಯ ಜಾಗಕ್ಕೆ ಗುರುತು ಮಾಡಿರಲಿಲ್ಲ, ವಾಪಸ್ ಬಿಗಿಯುವಾಗ ಕಣ್ಣಳತೆಯಲ್ಲಿ ನಡುವಿಗೆ ಇಟ್ಟಿದ್ದರು. ಆ ಮೇಲೆ ಅಲೈನ್‌ಮೆಂಟ್‌ನಲ್ಲಿ ಅವನ್ನು ಯಾರೂ ಮುಟ್ಟಲಿಲ್ಲ. ಮುಟ್ಟಿದ್ದರೆ, ಅಂದರೆ ಗಾಡಿ ನೆಲದ ಮೇಲಿದ್ದಾಗ ಒಮ್ಮೆ ಆ ನಾಲ್ಕು ನಟ್ ಸಡಿಲಿಸಿ ಬಿಗಿದಿದ್ದರೆ, ಬುಷ್‌ಗಳ ತಿರುಚೂ ಅಲ್ಲೇ ಕಳಚಿಹೋಗುತ್ತಿತ್ತು. ಟೋ ಒಂದನ್ನೇ ತಿದ್ದಿ ಕಳಿಸುವುದು ನನಗೆ ಕೋಪ ತರಿಸುವುದು ಇದಕ್ಕೇ. ಸಸ್ಪೆನ್ಷನ್ ಕಳಚಿ ಜೋಡಿಸಿದ ಗಾಡಿಗೆ ಅದು ಅಲೈನ್‌ಮೆಂಟ್ ಅಲ್ಲ.

ಮಾಡಿದ ಕೆಲಸ

ಬಲಗಡೆಯ ಎರಡು ಕ್ಯಾಮ್ ಬೋಲ್ಟ್, ವಾಷರ್, ನಟ್ ಹೊಸದು ಹಾಕಿದೆವು. ಬ್ರಾಕೆಟ್‌ನ ಗೋಡೆಗಳು ಬಾಗಿರಲಿಲ್ಲ, ಉಜ್ಜಿ ಶುಚಿ ಮಾಡಿದ್ದು ಸಾಕಾಯಿತು. ಬುಷ್‌ಗಳನ್ನು ಬಿಚ್ಚಿ ನೋಡಿದಾಗ ರಬ್ಬರ್ ಇನ್ನೂ ಹರಿದಿರಲಿಲ್ಲ, ಹಾಗಾಗಿ ಬದಲಿಸಲಿಲ್ಲ. ಮೇಲಿನ ಆರ್ಮ್‌ನ ಬೋಲ್ಟ್‌ಗಳನ್ನೂ ಒಮ್ಮೆ ಸಡಿಲಿಸಿ, ಗಾಡಿ ನೆಲದ ಮೇಲಿರುವಾಗಲೇ ಮತ್ತೆ ಬಿಗಿದೆವು.

ಎಲ್ಲ ನಟ್ ಬರೀ ತಾಗುವಷ್ಟು ಬಿಗಿಯಲ್ಲಿ ಇಟ್ಟು ಗಾಡಿಯನ್ನು ಇಳಿಸಿ, ಮೂತಿಯನ್ನು ಕೆಳಕ್ಕೆ ಒತ್ತಿ ಬಿಟ್ಟು, ಹಿಂದೆ ಮುಂದೆ ಉರುಳಿಸಿದೆವು. ಜ್ಯಾಕ್‌ನಿಂದ ಇಳಿದ ಗಾಡಿಯ ಟೈರ್‌ಗಳು ನೆಲಕ್ಕೆ ಕಚ್ಚಿಕೊಂಡು ಒಳಮುಖವಾಗಿ ಸಿಕ್ಕಿಕೊಂಡಿರುತ್ತವೆ. ಉರುಳಿಸದೆ ಅಳೆದ ಎತ್ತರ ಸುಳ್ಳು. ಎತ್ತರ ಎಡ 544, ಬಲ 540ಕ್ಕೆ ನಿಂತಿತು. ನಾಲ್ಕು ಮಿ.ಮೀ. ವ್ಯತ್ಯಾಸ ತಲೆಕೆಡಿಸಿಕೊಳ್ಳುವಂಥದ್ದಲ್ಲ, ಕಾರ್ಖಾನೆಯ ಸ್ಪ್ರಿಂಗ್ ಇದ್ದಾಗಲೂ ಎರಡು ಮಿ.ಮೀ. ಇತ್ತು. ಒಟ್ಟು ಏರಿಕೆ ಈಗ 40ರಿಂದ 42. ಮಾಲೀಕರು ಮೊದಲ ದಿನ ಕಂಡ 60 ಸಿಗಲಿಲ್ಲ. ಅದು ಸ್ಪ್ರಿಂಗ್‌ನ ಎತ್ತರ ಆಗಿರಲೇ ಇಲ್ಲ ಎಂದು ವಿವರಿಸಿದಾಗ ಒಪ್ಪಿದರು.

ಆಮೇಲೆ ಕ್ಯಾಮ್. ಕ್ಯಾಸ್ಟರ್ ಏರಿಸಬೇಕಾದರೆ ಹಿಂದಿನ ಕ್ಯಾಮ್ ಹೊರಕ್ಕೆ ಹೋಗಬೇಕು, ಮುಂದಿನದು ಒಳಕ್ಕೆ ಬರಬೇಕು. ಹಿಂದಿನದನ್ನು ಹೊರಕ್ಕೆ ತಂದಾಗ ಕ್ಯಾಂಬರ್ ಇಳಿಯುತ್ತದೆ, ಮುಂದಿನದನ್ನು ಒಳಕ್ಕೆ ತಂದಾಗ ಏರುತ್ತದೆ. ನಮ್ಮಲ್ಲಿ ಕ್ಯಾಂಬರ್ ಆಗಲೇ ಜಾಸ್ತಿ ಇತ್ತು. ಹಾಗಾಗಿ ಹಿಂದಿನ ಕ್ಯಾಮ್‌ಗಳನ್ನು ಹೊರ ತುದಿಯ ಹತ್ತಿರಕ್ಕೆ ಒಯ್ದು, ಮುಂದಿನವನ್ನು ಹೆಚ್ಚುಕಡಿಮೆ ನಡುವಲ್ಲೇ ಬಿಟ್ಟೆವು. ಎಡ ಕ್ಯಾಸ್ಟರ್ 2.6, ಕ್ಯಾಂಬರ್ +0.1. ಬಲ ಕ್ಯಾಸ್ಟರ್ 2.8, ಕ್ಯಾಂಬರ್ 0. ಮುಂದಿನ ಕ್ಯಾಮ್ ಇನ್ನಷ್ಟು ಒಳಕ್ಕೆ ತಂದು ಕ್ಯಾಸ್ಟರನ್ನು ಸರಿಯಾಗಿ 3.0ಕ್ಕೆ ಮುಟ್ಟಿಸಬಹುದಿತ್ತು. ಆಗ ಕ್ಯಾಂಬರ್ ಮತ್ತೆ +0.3, +0.4ಕ್ಕೆ ಹೋಗಿ ಟೈರ್‌ನ ಹೊರ ಅಂಚಿಗೆ ಭಾರ ಬೀಳುತ್ತಿತ್ತು. ಆಗಲೇ ಹೊರ ಅಂಚು ಕಳೆದುಕೊಂಡ ಟೈರ್‌ಗಳಿಗೆ ಅದು ಬೇಡ ಅನಿಸಿತು. 2.6 ಮಿತಿಯ ಒಳಗೇ ಇದೆ. ಇವರು ಹೆಚ್ಚಾಗಿ ಹಿಂದೆ ಒಂದಿಷ್ಟು ಸಾಮಾನು ಇಟ್ಟುಕೊಂಡೇ ಓಡಾಡುವುದರಿಂದ ರಸ್ತೆಯ ಮೇಲೆ ನಿಜವಾಗಿ ಸಿಗುವುದು 3ರ ಹತ್ತಿರವೇ.

ಕ್ಯಾಮ್ ನಟ್‌ಗಳನ್ನು ಚಕ್ರದ ಮೇಲೆ ಭಾರ ಇರುವಾಗಲೇ ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದ ಬಿಗಿಗೆ ಬಿಗಿದು, ವಾಷರ್‌ನಿಂದ ಬ್ರಾಕೆಟ್‌ಗೆ ಹಾದು ಹೋಗುವ ಹಾಗೆ ಬಿಳಿ ಬಣ್ಣದ ಗೆರೆ ಎಳೆದೆವು. ಇನ್ನು ಅದು ಕೂದಲೆಳೆಯಷ್ಟು ಜಾರಿದರೂ ಗೆರೆ ಮುರಿದು ಕಾಣುತ್ತದೆ. ಟೋ ಕೊನೆಗೆ. ಕ್ಯಾಂಬರ್, ಕ್ಯಾಸ್ಟರ್ ಕದಲಿದಾಗಲೆಲ್ಲ ಟೋ ಕದಲುತ್ತದೆ, ಹಾಗಾಗಿ ಅದನ್ನು ಮೊದಲೇ ಕೂರಿಸಿ ಪ್ರಯೋಜನವಿಲ್ಲ. ಸ್ಟೀರಿಂಗ್ ನೇರಕ್ಕೆ ಕಟ್ಟಿ, ಹಿಂದಿನ ಆಕ್ಸಲ್ ದೂಡುವ ದಿಕ್ಕಿಗೆ ಹೊಂದಿಸಿ, ಒಟ್ಟು ಟೋ-ಇನ್ 0.15 ಡಿಗ್ರಿಗೆ ಇಟ್ಟೆವು. ಸ್ಟೀರಿಂಗ್ ಕೋನದ ಸೆನ್ಸರ್‌ಗೆ ಹೊಸ ನೇರ ಯಾವುದು ಎಂದು ಸ್ಕ್ಯಾನರ್‌ನಲ್ಲಿ ಕಲಿಸಿದೆವು. ಅದನ್ನು ಬಿಟ್ಟರೆ ಗಾಡಿಯ ಸ್ಥಿರತೆ ಕಾಯುವ ಕಂಪ್ಯೂಟರ್ ಹಳೆಯ ನೇರವನ್ನೇ ನಂಬಿಕೊಂಡಿರುತ್ತದೆ.

ಹೆಡ್‌ಲೈಟ್ ಕೂಡ ಇಳಿಸಿದೆವು. ಮುಂದೆ 42 ಮಿ.ಮೀ. ಏರಿದರೆ ಬೆಳಕು ಮುಕ್ಕಾಲು ಡಿಗ್ರಿ ಮೇಲೆ ನೋಡುತ್ತದೆ, ಹತ್ತು ಮೀಟರ್ ದೂರದ ಗೋಡೆಯ ಮೇಲೆ ಅದು ಸುಮಾರು 13 ಸೆಂ.ಮೀ. ಎದುರಿನಿಂದ ಬರುವವರ ಕಣ್ಣಿಗೆ ನೇರ ಹೊಡೆತ. ಲೆವೆಲ್ ಮಾಡಿಸಿದ ಗಾಡಿಯ ಹಿಂದೆ ಲೋಡ್ ಬಿದ್ದರೆ ಇನ್ನೂ ಕೆಟ್ಟದು, ಹಾಗಾಗಿ ಅವರು ದಿನವೂ ಒಯ್ಯುವ ಸಾಮಾನು ಹಿಂದೆ ಇಟ್ಟೇ ಲೈಟ್ ಕೂರಿಸಿದೆವು.

ಓಡಿಸಿ ನೋಡಿದಾಗ ಎಳೆತ ಹೋಗಿತ್ತು. ತಿರುವಿನಿಂದ ಸ್ಟೀರಿಂಗ್ ತಾನಾಗಿ ಬಂತು. ಗರಗಸ ಹಲ್ಲು ಬಂದ ಟೈರ್‌ಗಳನ್ನು ಹಿಂದಕ್ಕೆ ಹಾಕಿದೆವು, ಅಲ್ಲಿ ಸ್ವಲ್ಪ ಮಟ್ಟಿಗೆ ಸಮ ಆಗುತ್ತವೆ. ಹೋದ ರಬ್ಬರ್ ವಾಪಸ್ ಬರುವುದಿಲ್ಲ, ಅಷ್ಟು ದಿನ ಶಬ್ದ ಇರುತ್ತದೆ ಎಂದು ಹೇಳಿದೆ.

ಸುಮಾರು ಸಾವಿರ ಕಿಲೋಮೀಟರ್ ಆದ ಮೇಲೆ ಕರೆಸಿ ಮತ್ತೆ ಅಳೆದಾಗ ಎತ್ತರ ಎಡ 542, ಬಲ 538. ಎರಡೂ ಕಡೆ ಎರಡೆರಡು ಮಿ.ಮೀ. ಕೂತಿದೆ. ಬಿಳಿ ಗೆರೆಗಳು ಮುರಿದಿರಲಿಲ್ಲ. ಟೋ 0.13. ಈಗ ಮುಂದಿರುವ ಟೈರ್ ಸವರಿದರೆ ಎರಡೂ ದಿಕ್ಕಿಗೂ ಒಂದೇ ಥರ.

ಎರಡು ಸಂಗತಿ ಮಾತ್ರ ಅಲೈನ್‌ಮೆಂಟ್‌ನಿಂದ ಹೋಗುವಂಥದ್ದಲ್ಲ, ಅವನ್ನು ಮಾಲೀಕರಿಗೆ ಬಿಡಿಸಿ ಹೇಳಿದೆ. ಶಾಕ್ ಅಬ್ಸಾರ್ಬರ್ ಹಳೆಯದೇ, ಅದರ ಉದ್ದ ಹಳೆಯದೇ. ಮೊದಲು ಚಕ್ರಕ್ಕೆ ಕೆಳಗಿಳಿಯಲು 90 ಮಿ.ಮೀ. ಜಾಗ ಇದ್ದದ್ದು ಈಗ 50ರ ಆಸುಪಾಸು. ದೊಡ್ಡ ಉಬ್ಬು ದಾಟಿದಾಗ ಶಾಕ್ ಪೂರ್ತಿ ಎಳೆದುಕೊಂಡು ಟಪ್ ಎನ್ನುತ್ತದೆ. ವೇಗ ಇಳಿಸಿ ದಾಟಬೇಕು, ಇಲ್ಲವೇ ಉದ್ದದ ಶಾಕ್ ಹಾಕಬೇಕು. ಇನ್ನೊಂದು, ಟೈ ರಾಡ್ ಈಗ ಮೊದಲಿಗಿಂತ ಜಾಸ್ತಿ ಇಳಿಜಾರಾಗಿದೆ. ಏರುಪೇರಿನ ರಸ್ತೆಯಲ್ಲಿ ಚಕ್ರ ಮೇಲೆ ಕೆಳಗೆ ಆಡಿದಾಗ ಟೋ ಮೊದಲಿಗಿಂತ ಹೆಚ್ಚು ಏರಿಳಿಯುತ್ತದೆ, ಸ್ಟೀರಿಂಗ್‌ನಲ್ಲಿ ಸಣ್ಣ ತುಯ್ತ ಬರುತ್ತದೆ. 40 ಮಿ.ಮೀ. ಏರಿಕೆಗೆ ಅದು ಸಹಿಸುವಷ್ಟೇ.

ಮುಂದೆ ಕಬ್ಬಿಣದ ಬಂಪರ್ ಮತ್ತು ವಿಂಚ್ ಹಾಕಿಸುವ ಯೋಚನೆ ಅವರಿಗಿದೆ. ಆ ಭಾರಕ್ಕೆ ಮುಂಭಾಗ ಇಳಿಯುತ್ತದೆ, ಕ್ಯಾಸ್ಟರ್ ಸ್ವಲ್ಪ ವಾಪಸ್ ಬರುತ್ತದೆ, ಟೋ ಬದಲಾಗುತ್ತದೆ. ಬಂಪರ್ ಹಾಕಿದ ಮೇಲೆ ಬುಷ್ ಬೋಲ್ಟ್‌ಗಳನ್ನು ಹೊಸ ಎತ್ತರದಲ್ಲಿ ಸಡಿಲಿಸಿ ಬಿಗಿದು ಪೂರ್ತಿ ಅಲೈನ್‌ಮೆಂಟ್ ಮಾಡಬೇಕು. ಅದರ ಬದಲು ಇನ್ನೂ ಎತ್ತಿಸುವ ಮನಸ್ಸಾದರೆ ಹಿಂದಿನ ಕ್ಯಾಮ್‌ಗಳಲ್ಲಿ ಇನ್ನು ಜಾಗ ಇಲ್ಲ. ಆಗ ಬಾಲ್ ಜಾಯಿಂಟ್ ಹಿಂದಕ್ಕೆ ಸರಿಸಿ ಮಾಡಿದ ಬೇರೆ ಅಪ್ಪರ್ ಆರ್ಮ್ ಹಾಕಲೇಬೇಕು. ಇವೆರಡನ್ನೂ ಅವರ ಚೀಟಿಯ ಹಿಂದೆ ಎತ್ತರದ ಅಂಕಿಗಳ ಜೊತೆ ಬರೆದು ಕೊಟ್ಟಿದ್ದೇನೆ.